ಹಲ್ಲಿನಲ್ಲಿ ಕಡಿದ ದಾರ

ನಮ್ಮ ಬೀದಿಯ ಟೈಲರಮ್ಮನ ಬಳಿ ಮೂರು ಕತ್ತರಿಗಳಿದ್ದವು. ಆದರೂ ಅವಳು ದಾರ ಕಡಿಯುತ್ತಿದ್ದುದು ಹಲ್ಲಿನಿಂದಲೇ. ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿಯನ್ನು ನಾಲಿಗೆಗೆ ಒತ್ತಿ ಚೂಪು ಮಾಡುವುದು ಬೇರೆ. ನಾನೊಮ್ಮೆ ಮುಖ ಸಿಂಡರಿಸಿದ್ದಕ್ಕೆ, "ಮೂವತ್ತು ವರ್ಷದಿಂದ ಊರೆಲ್ಲ ನನ್ನ ಎಂಜಲನ್ನೇ ಉಟ್ಕೊಂಡು ಓಡಾಡ್ತಿದೆ, ಏನಾಗಿದೆ ಈಗ?" ಎಂದು ಬಾಯಿ ಮುಚ್ಚಿಸಿದ್ದಳು. ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ಅವಳ ಗಂಡ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಉಬ್ಬಸದ ಮನುಷ್ಯ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತಿತ್ತು.

ಕೊರೊನಾ ಹಬ್ಬಿದ ದಿನಗಳಲ್ಲಿ ಅವಳಿಗಿದ್ದುದು ಒಂದೇ ಭಯ: ಅದು ಆ ಎದೆಗೆ ಇಳಿದರೆ ಕಥೆ ಮುಗಿಯಿತು. ಅದಕ್ಕೇ ಯಾರದೋ ಫ್ರಾಕಿನಲ್ಲಿ ಉಳಿದ ಹೂವಿನ ಬಟ್ಟೆಯಲ್ಲಿ ಒಂದು ರಾತ್ರಿ ಮೂರು ಪದರದ ಮಾಸ್ಕ್ ಹೊಲಿದು, ಇಸ್ತ್ರಿ ಹಾಕಿ ಕೊಟ್ಟಿದ್ದಳು. "ಹಾಕಿ ನೋಡ್ದೆ ಕಣೇ, ಸರಿಯಾಗಿ ಕೂತಿದೆ" ಎಂದು ಹೊಗಳಿಯೇ ಅವನು ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿದ್ದ.

ಹಿಂತಿರುಗಿ ಬಂದವನು ಹೊಸ್ತಿಲಿಂದಲೇ ಕೂಗಿದ: "ಲೇ, ಏನೋ ಸುಟ್ಟು ಕರಕಲಾಗ್ತಿದೆ! ವಾಸನೆ ಬರ್ತಿಲ್ವೇನೇ?"

ಗಿರಾಕಿಯ ಜೊತೆ ಫೋನಿನಲ್ಲಿದ್ದ ಟೈಲರಮ್ಮ ಕಿಟಕಿಯಿಂದ ತಿರುಗಿ ನೋಡಿದಳು. ಲಂಗದ ಮೇಲೆ ಮರೆತ ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಏಳುತ್ತಿತ್ತು. ವಾಸನೆ ಮಾತ್ರ ಬರಲಿಲ್ಲ. ಮೆಷಿನ್ ಎಣ್ಣೆಯ ಡಬ್ಬಿ ಮೂಸಿದಳು. ಏನೂ ಇಲ್ಲ. ಎರಡು ದಿನದಿಂದ ಗಂಟಲು ಕೆರೆಯುತ್ತಿದ್ದುದನ್ನು ಬಟ್ಟೆಯ ಧೂಳು ಎಂದು ತಳ್ಳಿಹಾಕಿದ್ದಳು. ಅದು ಧೂಳಲ್ಲ ಎಂದು ಈಗ ಗೊತ್ತಾಯಿತು.

"ಒಳಗೆ ಬರಬೇಡಿ!" ಎಂದು ಕಿರುಚಿ ಹೊಲಿಗೆ ಕೋಣೆಯ ಬಾಗಿಲಿಗೆ ಚಿಲಕ ಹಾಕಿದಳು. ಇಸ್ತ್ರಿ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು ಡಾಕ್ಟರಿಗೆ ಫೋನ್ ಮಾಡಿದಳು.

"ಇಲ್ಲಿಗೆ ಬರಬೇಡಿ, ಅದೇ ಕೋಣೇಲಿರಿ" ಅಂದರು ಡಾಕ್ಟರು. "ಪರೀಕ್ಷೆಗೆ ಮನೆಗೇ ಜನ ಕಳಿಸ್ತೀನಿ. ತಟ್ಟೆ, ಲೋಟ ಬೇರೆ ಇರಲಿ. ಇಬ್ಬರಲ್ಲಿ ಯಾರಿಗೆ ಉಸಿರು ಕಟ್ಟಿದ್ರೂ ತಡ ಮಾಡದೆ ಆಂಬುಲೆನ್ಸ್ ಕರೀರಿ. ನಿಮ್ಮ ಎಂಜಲು ತಾಕಿದ್ದೇನೂ ಯಜಮಾನ್ರಿಗೆ ಕೊಟ್ಟಿಲ್ಲ ತಾನೇ?"

ಆ ಮಾಸ್ಕಿನ ದಾರವನ್ನೂ ಟೈಲರಮ್ಮ ಹಲ್ಲಿನಿಂದಲೇ ಕಡಿದಿದ್ದಳು. ಕೈಯಾರೆ ರೋಗ ಹೊಲಿದು ಗಂಡನ ಮೂಗಿಗೆ ಕಟ್ಟಿದೆನಲ್ಲ!

"ರೀ, ಆ ಮಾಸ್ಕ್ ಬಿಚ್ಚಿ ಬಿಸಾಕಿ! ಸೋಪು ಹಾಕಿ ಮುಖ ತೊಳ್ಕೊಳ್ಳಿ!"

ಬಾಗಿಲಾಚೆ ಗಂಡ ದನಿ ತಗ್ಗಿಸಿದ: "ಬೈಯಲ್ಲ ಅಂದ್ರೆ ಹೇಳ್ತೀನಿ. ಅದನ್ನ ನಾನು ಹಾಕ್ಕೊಂಡೇ ಇಲ್ಲ. ಈ ವಯಸ್ಸಲ್ಲಿ ಹೂವಿನ ಮಾಸ್ಕ್ ಹಾಕ್ಕೊಂಡು ಬೀದೀಲಿ ಹೋಗೋಕೆ ನಾಚಿಕೆ ಆಯ್ತು. ಜೇಬಲ್ಲಿಟ್ಟು ಹಳೇದು ಕಟ್ಕೊಂಡೆ."

ಹೆಂಡತಿಯನ್ನು ಸಮಾಧಾನ ಮಾಡಲು ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ. "ಬಾಗಿಲ ಕೆಳಗಿಂದ ತೂರಿಸಿ" ಅಂದಳು.

ಮಾಸ್ಕ್ ಒಳಬಂತು. ಇಸ್ತ್ರಿಯ ಮಡಿಕೆ ಒಂದಿಷ್ಟೂ ಸಡಿಲಾಗಿರಲಿಲ್ಲ. ಅವಳ ಹೊಲಿಗೆಯನ್ನು ಬೇಡವೆಂದವರಿಗೆ ಅವಳು ಕೈಮುಗಿದದ್ದು ಅದೇ ಮೊದಲು. ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಷ್ಟರಲ್ಲಿ ಆಚೆಯಿಂದ ಒಂದು ಕೆಮ್ಮು. ಮತ್ತೊಂದು.

"ಏನ್ರೀ ಅದು?"

"ಏನಿಲ್ಲ ಕಣೇ, ಹೊಗೆ. ಸುಟ್ಟ ವಾಸನೆ ಇನ್ನೂ ಹೋಗಿಲ್ಲ ನೋಡು."

ಅವಳು ಬಾಗಿಲ ಸಂದಿಗೆ ಮೂಗಿಟ್ಟು ಮತ್ತೆ ಮತ್ತೆ ಉಸಿರೆಳೆದಳು. ಅವನು ಹೇಳಿದ್ದು ನಿಜವೋ ಸುಳ್ಳೋ, ಅವಳ ಮೂಗು ಹೇಳಲಿಲ್ಲ.