ಗೆದ್ದಲು ಮುಟ್ಟದ ಅಟ್ಟ

ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ವರ್ಷವಿಡೀ ಒಣಗಿದ ಕಾಯಿಯೊಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎನ್ನಬೇಕು. ಸದ್ದೇ ಬರಲಿಲ್ಲ. ಇನ್ನೊಂದನ್ನು ಅಲ್ಲಾಡಿಸಿದರು, ಮತ್ತೊಂದನ್ನು. ಕೊನೆಗೆ ಮಚ್ಚಿನಿಂದ ಸೀಳಿದಾಗ ಮುಗ್ಗಲು ನಾತ ನಡುಮನೆಯನ್ನೆಲ್ಲ ತುಂಬಿತು. ಒಳಗಿನ ಕೊಬ್ಬರಿ ಕಪ್ಪಗೆ ಲೋಳೆಯಾಗಿತ್ತು.

ಎಂಬತ್ತರ ದಶಕದಲ್ಲಿ, ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ನಡೆದದ್ದು ಇದು. ಅದರ ಹಿಂದಿನ ವರ್ಷ, ಅಟ್ಟಕ್ಕೆ ಹಾಸಿದ್ದ ಬಿದಿರಿನ ದಬ್ಬೆಗಳನ್ನು ಗೆದ್ದಲು ತಿಂದಿತ್ತು. ಆಗಷ್ಟೇ ಐಟಿಐ ಮುಗಿಸಿದ್ದ ನಾನು ಒಡೆದ ಪ್ಲಾಸ್ಟಿಕ್ ಬಿಂದಿಗೆ, ಗೊಬ್ಬರದ ಚೀಲಗಳನ್ನು ಬಾಂಡ್ಲಿಯಲ್ಲಿ ಕರಗಿಸಿ, ಮರಳು ಬೆರೆಸಿ ಹಲಗೆಗಳನ್ನು ಎರೆದೆ. "ಗೆದ್ದಲು ಇದನ್ನ ಮುಟ್ಟಲ್ಲ ಕಣಪ್ಪ" ಎಂದು ಬೀಗುತ್ತ, ಒಂದಿಷ್ಟೂ ಸಂದಿಯಿಲ್ಲದಂತೆ ಜೋಡಿಸಿದೆ. ಅಪ್ಪನಿಗೆ ಅನುಮಾನವಿತ್ತು. ಆದರೂ "ಓದಿರೋನು ನೀನು, ನಿಂಗೆ ಗೊತ್ತಿರ್ತದೆ ಬುಡು" ಎಂದು ಒಪ್ಪಿಕೊಂಡರು. ಒಲೆಯ ಹೊಗೆ, ಗಾಳಿ ಕಾಯಿಗೆ ತಾಗುತ್ತಿದ್ದುದು ದಬ್ಬೆಗಳ ಸಂದಿಯಿಂದಲೇ ಎಂಬುದು, ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ.

ಬೈಯುತ್ತಾರೆಂದು ಕಾದೆ. ಅಪ್ಪ ಮಚ್ಚನ್ನು ಕೆಳಗಿಟ್ಟು, "ಕಾಯಿಗೂ ಉಸಿರು ಬೇಕು ಕಣ್ಲಾ" ಎಂದರು, ಅಷ್ಟೇ. ಆ ವರ್ಷದ ಕಾಯಿಯೆಲ್ಲ ತಿಪ್ಪೆ ಸೇರಿತು. ಮರುವಾರ ಅವರು ನನ್ನನ್ನು ಒಂದು ಮಾತೂ ಕೇಳದೆ ಬಿದಿರು ತಂದು ಹಾಸಿದರು. ಆಮೇಲೆ ಯಾವುದಕ್ಕೂ ಕೇಳಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಹಲಗೆಗಳು ಬಚ್ಚಲ ಹಿಂದೆ ಹಾಗೇ ಬಿದ್ದಿವೆ. ಗೆದ್ದಲು ಇವತ್ತಿಗೂ ಅವನ್ನು ಮುಟ್ಟಿಲ್ಲ.