ಅಟ್ಟಣೆಯ ವಾಚರ್

ಹೊನ್ನಾವರದ ಹಿಂದಿನ ಗುಡ್ಡದಲ್ಲಿ, ಕಾಡಿನ ಬೆಂಕಿ ಕಾಯಲು ಬ್ರಿಟಿಷರ ಕಾಲದಲ್ಲಿ ಕಟ್ಟಿದ ಕಲ್ಲಿನ ಅಟ್ಟಣೆಗೆ ಅವರು ಅರಣ್ಯ ಇಲಾಖೆಯ ವಾಚರ್. ಯಾರೇ ಹತ್ತಿ ಬಂದರೂ ಬೀಡಿ ವಾಸನೆಗಾಗಿ ಬಂದವರ ಬೆರಳು ಮೂಸುತ್ತಿದ್ದರು. ‘ಎಂತಕ್ ಬಂದ್ರಿ?’ ಎನ್ನುವುದೇ ಅವರ ನಮಸ್ಕಾರ.

ಎರಡು ಸಾವಿರದ ಇಸವಿಯಿಂದ ಈಚಿನ ಒಂದು ಬೇಸಿಗೆ. ಇಂಟರ್‌ನೆಟ್ಟಿನಲ್ಲಿ ಯಾರೋ ಕೊಟ್ಟ, ಡಬ್ಬಿಯೊಂದನ್ನು ಅಡಗಿಸಿಟ್ಟ ಜಾಗದ ಗುರುತು ಹಿಡಿದು, ಜಿಪಿಎಸ್ ಯಂತ್ರದೊಂದಿಗೆ ಅಲ್ಲಿಗೆ ಹೋಗಿದ್ದೆ. ಕಲ್ಲಿನ ಸಂದಿಯಿಂದ ಡಬ್ಬಿ ತೆಗೆಯುವಷ್ಟರಲ್ಲಿ ಅವರು ಬಂದು ನನ್ನ ರಟ್ಟೆ ಹಿಡಿದರು.

‘ಇದು ಆಟ ಮಾರಾಯ್ರೆ. ಡಬ್ಬಿ ಹುಡುಕಿ, ಹೆಸರು ಬರ್ದು, ಅಲ್ಲೇ ಇಡುದು’ ಎಂದೆ.

‘ಆಟ ಆದ್ರೆ ಅಡಗ್ಸುದು ಯಾಕೆ?’ ಎಂದು ಯಂತ್ರ ಕಿತ್ತುಕೊಂಡರು. ‘ರೇಂಜರ್ ಸಾಹೇಬ್ರು ಬರೂ ತನಕ ಇಲ್ಲೇ ಕೂತ್ಕಣಿ.’

ಕೂತೆ. ಸ್ವಲ್ಪ ಹೊತ್ತಿಗೆ ಕೆಳಗಿನ ಇಳಿಜಾರಿನಲ್ಲಿ ಹೊಗೆ ಎದ್ದಿತು. ನನ್ನೊಬ್ಬನನ್ನೇ ಅಲ್ಲಿ ಬಿಡಲು ಅವರಿಗೆ ಮನಸ್ಸಿಲ್ಲ. ಹಸಿ ಸೊಪ್ಪಿನ ಟೊಂಗೆಯೊಂದನ್ನು ಕೈಗಿತ್ತು, ‘ನೀವು ಮುಂದೆ ನಡೀರಿ’ ಎಂದರು. ಇಬ್ಬರೂ ಬಡಿದು ಬಡಿದು ಬೆಂಕಿ ಆರಿಸಿದೆವು.

ಮೇಲೆ ಬಂದು ತಮ್ಮ ಬಾಟ್ಲಿಯ ನೀರು ಕೊಟ್ಟರು, ಯಂತ್ರವನ್ನೂ ಕೊಟ್ಟರು. ಡಬ್ಬಿ ತೆರೆಸಿದರೆ ಆಟಿಕೆ ಕಾರು, ಪೆನ್ಸಿಲ್, ಹೆಸರಿನ ಚೀಟಿ.

‘ಆತು, ಬರೀರಿ.’

ನಾನು ಹೆಸರು ಬರೆಯುವಾಗ ಅವರು ಖಾಲಿ ಮಾಡಿದ ಡಬ್ಬಿಯನ್ನು ಕಿವಿಗೆ ಹಿಡಿದು, ಇನ್ನೇನಾದರೂ ಅಡಗಿದೆಯೇ ಎಂದು ತಳ ತಟ್ಟಿ ನೋಡುತ್ತಿದ್ದರು.