ಎಮ್ಮೆಗಾಗಿ ಆಯಿ ಕಲಿತ ಮಾತು

ಈಗ ಕಲಬುರಗಿಯ ನಮ್ಮ ಕುಸನೂರಿನಲ್ಲಿ ಬೆಳಗಾದರೆ ಹಾಲಿನ ಪಾಕೀಟು ಬಾಗಿಲಿಗೇ ಬಂದು ಬೀಳುತ್ತದೆ. ನಾನು ಬೆಳೆದದ್ದು ಕಮಲಾಪುರದಾಚೆಯ ಗುಡ್ಡದ ಮೇಲಿನ ಪುಟ್ಟ ಊರಿನಲ್ಲಿ. ಅಲ್ಲಿಗೆ ಬಸ್ಸೂ ಹತ್ತುತ್ತಿರಲಿಲ್ಲ, ಹಾಲಿನವನೂ ಹತ್ತುತ್ತಿರಲಿಲ್ಲ. ನೆಂಟರು ಮಾತ್ರ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ಹಾಗೆ ಕಲಬುರಗಿಯ ಬ್ರಹ್ಮಪುರದಿಂದ ಬಂದ ಬೀಗರೊಬ್ಬರು ನಮ್ಮ ಹಾಲಿಲ್ಲದ ಕರಿ ಚಹಾ ಕುಡಿದು ಹೊರಡುವಾಗ, "ಗುಡ್ಡದಾಗ ಹವಾ ಭಾಳ ಛಲೋ ಅದ ನೋಡ್ರಿ" ಎಂದರು. ಚಹಾದ ಸುದ್ದಿಯನ್ನೇ ಎತ್ತಲಿಲ್ಲ. ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಅದು ಎದೆಗೆ ನಾಟಿತು. ಮನೆಗೆ ಎಮ್ಮೆ ಬರುವವರೆಗೆ ಚಹಾ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಚಹಾ ಬಿಟ್ಟ ಆಯಿಯ ಸಿಟ್ಟು ತಾಳಲಾರದೆ ಮುತ್ಯಾ, ಅಂದರೆ ನಮ್ಮ ಅಜ್ಜ, ಕಮಲಾಪುರಕ್ಕಿಳಿದು ಮುಸಲ್ಮಾನರ ಮನೆಯೊಂದರಿಂದ ಎಮ್ಮೆ, ಕರು ಎರಡನ್ನೂ ಹೊಡೆದುಕೊಂಡು ಬಂದ.

ಎಮ್ಮೆ ಬಂತು, ಹಾಲು ಬರಲಿಲ್ಲ. ಕರುವಿಗೆ ಧಾರಾಳವಾಗಿ ಬಿಡುತ್ತಿತ್ತು. ಆಯಿ ಕೆಚ್ಚಲಿಗೆ ಕೈ ಹಾಕಿದರೆ ಸಾಕು, ಹಾಲನ್ನು ಏರಿಸಿಕೊಂಡು ನಿಂತುಬಿಡುತ್ತಿತ್ತು. ಆಯಿ ಬೆಲ್ಲ ತಿನ್ನಿಸಿದಳು, ದೃಷ್ಟಿ ತೆಗೆದಳು, ಕೊನೆಗೆ ಬೈಗುಳಕ್ಕಿಳಿದಳು.

"ತಿನ್ನಾಕ ನಮ್ಮನಿ ಬೇಕು, ಹಾಲಿಗೆ ಯಾರ ಮನಿ ಅದ ಬೇ ನಿಂದು?"

ಎಮ್ಮೆ ಬಾಲ ಬೀಸಿ ಅವಳ ಮುಖಕ್ಕೇ ಒಂದು ಕೊಟ್ಟಿತು. ನಕ್ಕದ್ದಕ್ಕೆ ಮೊಮ್ಮಕ್ಕಳಾದ ನಮಗೂ ಆಯಿಯಿಂದ ಒಂದೊಂದು ಬಿತ್ತು.

"ಬರೂ ಸಂತಿಗೆ ಮಾರಿಬಿಡ್ತೀನಿ. ಹಾಲಿಲ್ಲದ ಎಮ್ಮಿ ಕಟ್ಕೊಂಡು ಪೂಜಾ ಮಾಡ್ಲೇನು?" ಎಂದ ಮುತ್ಯಾ. ಆಯಿಯ ಕಣ್ಣಲ್ಲಿ ನೀರು ಬಂತು. ಮಾರಿದರೆ ಮತ್ತೆ ಎಮ್ಮೆಯ ಮಾತೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಮರುದಿನವೇ ಗುಡ್ಡ ಇಳಿದು, ಆ ಎಮ್ಮೆಯನ್ನು ಸಾಕಿದ್ದ ಮನೆಯ ಹೆಂಗಸನ್ನೇ ಕರೆತಂದಳು; ಅವಳನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಖಾಲಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಆಜಾ ಮೇರಿ ಜಾನ್, ಆಜಾ ಮೇರಿ ರಾಣಿ" ಎಂದದ್ದೇ ತಡ, ಎಮ್ಮೆ ಕಿವಿ ನಿಮಿರಿಸಿತು. ಖಾಲಾ ಕೂತು ಹಿಂಡಿದಳು, ನೋಡನೋಡುತ್ತಲೇ ತಂಬಿಗೆ ತುಂಬಿತು!

"ಸಣ್ಣಾಕಿ ಇದ್ದಾಗಿಂದ ಇದೇ ಮಾತು ಕೇಳ್ಯಾಳ ಅಕ್ಕಾ. ನಿಮ್ಮ ಬೈಗಳ ಆಕಿಗೆ ತಿಳಿಯಂಗಿಲ್ಲ" ಎಂದಳು ಖಾಲಾ.

"ತಿಳೀದಿದ್ದದ್ದೇ ಛಲೋ ಆತು ಬಿಡು" ಎಂದಳು ಆಯಿ.

ಅಂದಿನಿಂದ ಆಯಿಯ ಉರ್ದು ಶುರುವಾಯಿತು. ರೊಟ್ಟಿ ತಟ್ಟುವಾಗ "ಮೇರಿ ಜಾನ್", ಕಸ ಗುಡಿಸುವಾಗ "ಮೇರಿ ರಾಣಿ". ಆಜಾ ಎಂದರೆ ಬಾ, ಜಾನ್ ಎಂದರೆ ಜೀವ ಎಂದು ನಮಗೆಲ್ಲ ಗೊತ್ತು. ಆಯಿಯ ಬಾಯಲ್ಲಿ ಮಾತ್ರ ಅದು ಥೇಟ್ ಬೈಗುಳದ ಹಾಗೆ ಕೇಳುತ್ತಿತ್ತು. ಜೀವಮಾನವಿಡೀ ನಮ್ಮನ್ನು ಗದರಿಸಿದ ಗಂಟಲು, ಪಾಪ, ಏನು ಮಾಡೀತು? ಎಮ್ಮೆ ಜಪ್ಪಯ್ಯ ಅನ್ನಲಿಲ್ಲ.

ಸಂತೆಯ ದಿನ ಬಂದೇಬಿಟ್ಟಿತು. ಮುತ್ಯಾ ಹಗ್ಗ ಬಿಚ್ಚಿ ಹೊರಟ. ಎಮ್ಮೆ ಇಳಿಜಾರು ತಲುಪುವ ತನಕ ನೋಡುತ್ತಿದ್ದ ಆಯಿ ಒಮ್ಮೆಲೇ ಹೊಸ್ತಿಲಲ್ಲಿ ಕುಸಿದು, "ಹೋಗಬ್ಯಾಡೇ ಮೇರಿ ಜಾನ್... ಆಜಾ ನನ್ನವ್ವಾ" ಎಂದು ಅತ್ತಳು. ಅಷ್ಟು ಮೆತ್ತಗಿನ ದನಿ ಅವಳಲ್ಲಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಎಮ್ಮೆ ಗಕ್ಕನೆ ನಿಂತು ಹಿಂದಿರುಗಿತು. ಹಗ್ಗ ಬಿಡದ ಮುತ್ಯಾನನ್ನೂ ಮುಳ್ಳುಕಂಟಿಯಲ್ಲಿ ದರದರ ಎಳೆದುಕೊಂಡು ಬಂತು. ಆಯಿ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಹಿಂಡತೊಡಗಿದಳು. ತಂಬಿಗೆಯಲ್ಲಿ ನೊರೆ ಎದ್ದಿತು.

ಹರಿದ ಧೋತರ ಹಿಡಿದುಕೊಂಡು ಮುತ್ಯಾ ಆಯಿಯ ಹತ್ತಿರ ಬಂದ. ಕೇಳಿದ, "ಇಷ್ಟು ವರ್ಷ ಸಂಸಾರ ಮಾಡೀವಿ. ಒಂದಿನಾರ ನನಗ ಹಂಗ ಅಂದೀ ಏನು?" ಅವನು ನಗುತ್ತಿರಲಿಲ್ಲ.

ಆಯಿ ತಲೆ ಎತ್ತದೆ ಹೇಳಿದಳು, "ನೀವೂ ಒಂದು ತಂಬಗಿ ಹಾಲು ಕೊಡ್ರಿ, ಅಂತೀನಿ."